ವಾಲಿಬಾಲ್ ಆಡಿದರೆ ಎತ್ತರ ಬೆಳೆಯುತ್ತಾರಾ? ಹೊಸ ತಂಡ ಕಟ್ಟುವ ಕೋಚ್‌ಗೆ ಅಡ್ಡ ಬರುವ 5 ತಪ್ಪು ನಂಬಿಕೆಗಳು

ತುಳಸಿಗೇರಿ ಎಂದ ಕೂಡಲೇ ಬಾಗಲಕೋಟೆ ಸೀಮೆಯವರಿಗೆ ನೆನಪಾಗುವುದು ಹಣಮಪ್ಪನ ಗುಡಿ. ಇಂಥ ಊರಿನ ಸುತ್ತಮುತ್ತಲಿನ ಹಳ್ಳಿಗಳಿಂದ ಮಕ್ಕಳು ಬಸ್ ಹತ್ತಿ ಬರುವ ಒಂದು ಕಾಲೇಜು ಇದೆ ಎಂದುಕೊಳ್ಳಿ. ಅಲ್ಲಿಗೆ ಹೊಸ ಕೋಚ್ ಬಂದಿದ್ದಾರೆ. ಇದುವರೆಗೆ ಅಲ್ಲಿ ವಾಲಿಬಾಲ್ ತಂಡವೇ ಇರಲಿಲ್ಲ. ನೋಟಿಸ್ ಬೋರ್ಡಿನಲ್ಲಿ ಚೀಟಿ ಅಂಟಿಸಿದ ಮೊದಲ ದಿನ ಮೈದಾನಕ್ಕೆ 30 ಜನ ಬಂದರು. ಹದಿನೈದು ದಿನ ಕಳೆಯುವಷ್ಟರಲ್ಲಿ ಅರ್ಧಕ್ಕರ್ಧ ಜನ ಕಾಣೆ.

ಯಾಕೆ? "ನಾನು ಗಿಡ್ಡ ಸರ್, ಇದು ನನಗಲ್ಲ" ಎಂದು ಒಬ್ಬ ಬಿಟ್ಟ. "ಹೆಣ್ಣುಮಕ್ಕಳು ಹಂಗೆಲ್ಲ ಜಿಗಿಯಬಾರದು" ಎಂದು ಒಬ್ಬಳ ಮನೆಯಲ್ಲಿ ತಡೆದರು. ಬೆರಳು ಊದಿಸಿಕೊಂಡ ಇನ್ನೊಬ್ಬ ವಾಪಸ್ ಬರಲೇ ಇಲ್ಲ. ಇದು ನಾವು ಕಲ್ಪಿಸಿಕೊಂಡ ಕಾಲೇಜು, ಆದರೆ ಈ ಮಾತುಗಳನ್ನು ನೀವೂ ಕೇಳಿರುತ್ತೀರಿ. ಅದರಲ್ಲಿ ಕೆಲವು ನಿಮ್ಮ ಮೊಬೈಲಿಗೆ ಫಾರ್ವರ್ಡ್ ಆಗಿಯೂ ಬಂದಿರಬಹುದು.

ಅಂಕಣದೊಳಗೆ ಒಂದು ತಂಡಕ್ಕೆ 6 ಜನ ಬೇಕು, ಬದಲಿ ಆಟಗಾರರು ಸೇರಿದರೆ ಸಾಮಾನ್ಯವಾಗಿ 12. ಹುಡುಗರದ್ದೊಂದು, ಹುಡುಗಿಯರದ್ದೊಂದು ತಂಡ ಕಟ್ಟಬೇಕೆಂದರೆ ಪ್ರತಿಯೊಬ್ಬರೂ ಲೆಕ್ಕಕ್ಕೆ ಬರುತ್ತಾರೆ. ಹಾಗಾಗಿ ಈ ನಂಬಿಕೆಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ನಂಬಿಕೆ 1: ವಾಲಿಬಾಲ್ ಆಡಿದರೆ ಎತ್ತರ ಬೆಳೆಯುತ್ತಾರೆ

ತಪ್ಪು. ನಮ್ಮ ಉದ್ದ ಮೂಳೆಗಳ ತುದಿಯ ಹತ್ತಿರ ಮೃದುವಾದ ಬೆಳವಣಿಗೆ ಫಲಕಗಳಿರುತ್ತವೆ. ಮೂಳೆ ಉದ್ದವಾಗುವುದು ಅಲ್ಲಿಯೇ. ಹರೆಯ ಮುಗಿಯುತ್ತಾ ಬಂದಂತೆ ಈ ಫಲಕಗಳು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತವೆ. ಹೆಚ್ಚಿನ ಹುಡುಗಿಯರಲ್ಲಿ ಇದು 14ರಿಂದ 16ರ ವಯಸ್ಸಿನ ಆಸುಪಾಸಿನಲ್ಲಿ ಆಗುತ್ತದೆ, ಹುಡುಗರಲ್ಲಿ ಒಂದೆರಡು ವರ್ಷ ತಡವಾಗಿ. ಡಿಗ್ರಿಗೆ ಬರುವ ಹೊತ್ತಿಗೆ ಬಹುತೇಕರ ಎತ್ತರ ನಿಂತಿರುತ್ತದೆ. ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಎತ್ತರದ ವ್ಯತ್ಯಾಸದಲ್ಲಿ ದೊಡ್ಡ ಪಾಲು ತಂದೆತಾಯಿಯಿಂದ ಬಂದದ್ದು. ಉಳಿದದ್ದರಲ್ಲಿ ಬಾಲ್ಯದ ಊಟ ಮತ್ತು ಆರೋಗ್ಯದ ಪಾತ್ರ ದೊಡ್ಡದು.

ಹಾಗಾದರೆ ವಾಲಿಬಾಲ್ ಆಟಗಾರರೆಲ್ಲ ಎತ್ತರ ಯಾಕೆ? ಆಟ ಅವರನ್ನು ಎತ್ತರ ಮಾಡಿದ್ದಲ್ಲ. ಎತ್ತರ ಇದ್ದವರನ್ನು ಆಟಕ್ಕೆ ಆರಿಸಿದ್ದಾರೆ, ಅಷ್ಟೆ. ಇನ್ನೊಂದು ವಿಷಯ ಗೊತ್ತಿರಲಿ. ಬೆಳಗ್ಗೆ ಎದ್ದಾಗ ನಾವೆಲ್ಲರೂ ಸಂಜೆಗಿಂತ ಸುಮಾರು 1 ಸೆಂಟಿಮೀಟರ್ ಎತ್ತರ ಇರುತ್ತೇವೆ. ದಿನವಿಡೀ ನಿಂತು, ಕೂತು, ನಡೆದಾಗ ಬೆನ್ನುಮೂಳೆಗಳ ನಡುವಿನ ಮೆತ್ತೆಗಳು ಸ್ವಲ್ಪ ಕುಗ್ಗುತ್ತವೆ. ಬೆಳಗ್ಗೆ ಅಳೆದು "ಬೆಳೆದೆ" ಎಂದುಕೊಂಡರೆ ಮೋಸ ಹೋದಂತೆ.

ಆಟದಿಂದ ಸಿಗುವ ನಿಜವಾದ ಲಾಭ ಬೇರೆ. ಜಿಗಿಯುವ ಆಟಗಳು ಮೂಳೆಯನ್ನು ಗಟ್ಟಿ ಮಾಡುತ್ತವೆ. ಇದು ವಯಸ್ಸಾದ ಮೇಲೂ ಕೈಹಿಡಿಯುವ ಉಳಿತಾಯ.

ನಂಬಿಕೆ 2: ಗಿಡ್ಡ ಇದ್ದವರಿಗೆ ವಾಲಿಬಾಲಿನಲ್ಲಿ ಜಾಗವಿಲ್ಲ

ಇದೂ ತಪ್ಪು. ಬಲೆಯ ಎತ್ತರ ಪುರುಷರಿಗೆ 2.43 ಮೀಟರ್, ಮಹಿಳೆಯರಿಗೆ 2.24 ಮೀಟರ್. ಸ್ಮ್ಯಾಶ್ ಮಾಡಲು, ಬ್ಲಾಕ್ ಮಾಡಲು ಎತ್ತರ ಬೇಕು, ನಿಜ. ಆದರೆ ಬಂದ ಚೆಂಡನ್ನು ಎತ್ತದಿದ್ದರೆ ಸ್ಮ್ಯಾಶ್ ಎಲ್ಲಿಂದ ಬರಬೇಕು? ಹಿಂದಿನ ಸಾಲಿನಲ್ಲಿ ನಿಂತು ಚೆಂಡು ಕಾಪಾಡುವುದಕ್ಕೆಂದೇ 1998ರಲ್ಲಿ ಅಂತರರಾಷ್ಟ್ರೀಯ ಪಂದ್ಯಗಳಿಗೆ 'ಲಿಬೆರೊ' ಎಂಬ ಸ್ಥಾನ ಬಂತು. ತಂಡದಲ್ಲಿ ಒಬ್ಬರು ಮಾತ್ರ ಬೇರೆ ಬಣ್ಣದ ಅಂಗಿ ಹಾಕಿರುತ್ತಾರಲ್ಲ, ಅವರೇ. ಅವರು ಬ್ಲಾಕ್ ಮಾಡುವಂತಿಲ್ಲ, ಬಲೆಗಿಂತ ಮೇಲಿರುವ ಚೆಂಡನ್ನು ಹೊಡೆದು ದಾಳಿ ಮಾಡುವಂತೆಯೂ ಇಲ್ಲ. ಅಲ್ಲಿ ಬೇಕಾದದ್ದು ಚುರುಕು ಕಾಲು, ಚುರುಕು ಕಣ್ಣು.

ಜಪಾನಿನ ಯೋಶಿಯೆ ತಾಕೆಶಿತಾ ಅವರ ಎತ್ತರ 159 ಸೆಂಟಿಮೀಟರ್, ಅಂದರೆ ಐದಡಿ ಮೂರಿಂಚು ಕೂಡ ತುಂಬುವುದಿಲ್ಲ. ಸ್ಮ್ಯಾಶ್ ಮಾಡುವವರಿಗೆ ಚೆಂಡು ಎತ್ತಿಕೊಡುವ ಸೆಟರ್ ಆಗಿದ್ದ ಅವರು 2006ರ ವಿಶ್ವ ಚಾಂಪಿಯನ್‌ಷಿಪ್‌ನ ಅತ್ಯಂತ ಮೌಲ್ಯಯುತ ಆಟಗಾರ್ತಿ ಎನಿಸಿಕೊಂಡರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲೂ ಅವರಿದ್ದರು.

ಈ ಆಟ ಹುಟ್ಟಿದ್ದೂ ದೈತ್ಯರಿಗಾಗಿ ಅಲ್ಲ. 1895ರಲ್ಲಿ ಅಮೆರಿಕದ ಹೋಲಿಯೋಕ್ ಊರಿನ ವೈಎಂಸಿಎಯಲ್ಲಿ ದೈಹಿಕ ಶಿಕ್ಷಣದ ಹೊಣೆ ಹೊತ್ತಿದ್ದ ವಿಲಿಯಂ ಮೋರ್ಗನ್ ಇದನ್ನು ರೂಪಿಸಿದರು. ಬಾಸ್ಕೆಟ್‌ಬಾಲ್‌ನ ಓಟ, ತಳ್ಳಾಟ ಕಷ್ಟವೆನಿಸುವ ನಡುವಯಸ್ಸಿನವರೂ ಆಡುವಂಥ ಆಟ ಅವರಿಗೆ ಬೇಕಿತ್ತು. ಅವರೂ ಒಬ್ಬ ಹೊಸ ಕೋಚ್. ಎದುರಿಗೆ ಬಂದವರನ್ನು ವಾಪಸ್ ಕಳಿಸದೆ, ಅವರಿಗೆ ಹೊಂದುವ ಆಟವನ್ನೇ ಹುಡುಕಿದರು.

ನಂಬಿಕೆ 3: ಮುಟ್ಟಿನ ದಿನಗಳಲ್ಲಿ ಜಿಗಿದರೆ ಗರ್ಭಕೋಶ ಜಾರುತ್ತದೆ

ತಪ್ಪು. ತಂಡದಿಂದ ಹೆಣ್ಣುಮಕ್ಕಳನ್ನು ಹೊರಗಿಡುವ ನಂಬಿಕೆಯೂ ಇದೇ. ಗರ್ಭಕೋಶವನ್ನು ಬಲವಾದ ಕಟ್ಟುಗಳು ಮತ್ತು ಕೆಳಗಿನಿಂದ ಸ್ನಾಯುಗಳ ಹಾಸು ಹಿಡಿದಿಟ್ಟಿರುತ್ತವೆ. ಆರೋಗ್ಯವಂತ ಹುಡುಗಿ ಜಿಗಿದಳೆಂದು ಅದು ಜಾರಿ ಬೀಳುವುದಿಲ್ಲ. ಮುಟ್ಟಿನ ದಿನವಾದರೂ ಅಷ್ಟೆ. ಮುಂದೆ ಮಕ್ಕಳಾಗುವುದಕ್ಕೂ ಈ ಜಿಗಿತ ಅಡ್ಡಿಯಾಗುವುದಿಲ್ಲ. ನಿಯಮಿತ ವ್ಯಾಯಾಮದಿಂದ ಅನೇಕರಿಗೆ ಮುಟ್ಟಿನ ನೋವು ಕಡಿಮೆಯಾಗುತ್ತದೆ.

ಹಾಗೆಂದು ಆಡಲೇಬೇಕು ಎಂಬ ಒತ್ತಾಯ ಬೇಡ. ಆಡುವುದೋ ಬಿಡುವುದೋ ಆ ಹುಡುಗಿಯ ನಿರ್ಧಾರ. ಕೋಚ್ ಮಾಡಬೇಕಾದ ಕೆಲಸ ಎರಡು: ಬಳಸಲು ಯೋಗ್ಯವಾದ ಶೌಚಾಲಯ ಇದೆಯೇ ಎಂದು ನೋಡುವುದು, "ಇವತ್ತು ಆಗಲ್ಲ" ಎಂದರೆ ಕಾರಣ ಕೆದಕದೆ ಒಪ್ಪುವುದು. ತಡೆಯಲಾಗದ ನೋವು ಅಥವಾ ವಿಪರೀತ ರಕ್ತಸ್ರಾವ ಇದ್ದರೆ ವೈದ್ಯರಿಗೆ ತೋರಿಸಬೇಕು.

ಬೇಗ ಸುಸ್ತಾಗುವ ಹುಡುಗಿಗೆ "ಸೋಮಾರಿ" ಎನ್ನುವ ಮುನ್ನ ಒಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದರೆ ವಿಷಯ ಗೊತ್ತಾಗುತ್ತದೆ, ಚಿಕಿತ್ಸೆಯೂ ಇದೆ.

ನಂಬಿಕೆ 4: ಆಡುವಾಗ ನೀರು ಕುಡಿಯಬಾರದು

ತಪ್ಪು, ಅಪಾಯಕಾರಿ ಕೂಡ. ಬಾಗಲಕೋಟೆ ಕಡೆ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ಆಸುಪಾಸಿಗೆ ಹೋಗುತ್ತದೆ. ಬೆವರಿನಲ್ಲಿ ಹೋದ ನೀರು ವಾಪಸ್ ಬರದಿದ್ದರೆ ದೇಹ ತಣ್ಣಗಾಗಲು ಸಾಧ್ಯವಿಲ್ಲ. ಒಮ್ಮೆಲೇ ಚೊಂಬುಗಟ್ಟಲೆ ಕುಡಿದರೆ ಹೊಟ್ಟೆ ಭಾರವಾಗುತ್ತದೆ, ಈ ನಂಬಿಕೆ ಅಲ್ಲಿಂದಲೇ ಬಂದಿರಬಹುದು. ಹಾಗಾಗಿ 15-20 ನಿಮಿಷಕ್ಕೊಮ್ಮೆ ನಾಲ್ಕೈದು ಗುಟುಕು ಕುಡಿಯುವುದು ಒಳ್ಳೆಯದು. ಆಟದ ನಂತರ ಉಪ್ಪು ಹಾಕಿದ ಮಜ್ಜಿಗೆ ಅಥವಾ ನಿಂಬೆ ಶರಬತ್ತು ಸಾಕು. ಬೇಸಿಗೆಯಲ್ಲಿ ಅಭ್ಯಾಸವನ್ನು ಬೆಳಗ್ಗೆ ಬೇಗ ಅಥವಾ ಬಿಸಿಲು ಇಳಿದ ಮೇಲೆ ಇಟ್ಟುಕೊಳ್ಳಿ. ಆಟಗಾರ ತಡವರಿಸಿ ಮಾತಾಡಿದರೆ, ಗೊಂದಲಕ್ಕೆ ಬಿದ್ದರೆ, ಪ್ರಜ್ಞೆ ತಪ್ಪಿದರೆ ನೆರಳಿಗೆ ಕರೆತಂದು ಮೈಗೆ ತಣ್ಣೀರು ಸುರಿಯುತ್ತಾ, ಗಾಳಿ ಹಾಕುತ್ತಾ ಕೂಡಲೇ 108ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ನಂಬಿಕೆ 5: ಉಳುಕಿದ ಬೆರಳನ್ನು ಎಳೆದರೆ ಸರಿಹೋಗುತ್ತದೆ

ತಪ್ಪು. ಚೆಂಡು ಬೆರಳ ತುದಿಗೆ ಬಡಿದಾಗ ಪಕ್ಕದವನು ಬಂದು ಲಟಕ್ಕನೆ ಎಳೆಯುವುದನ್ನು ಮೈದಾನದಲ್ಲಿ ಎಲ್ಲರೂ ನೋಡಿದ್ದೇವೆ. ಒಳಗೆ ಮೂಳೆ ಬಿರುಕು ಬಿಟ್ಟಿದ್ದರೆ ಅಥವಾ ಕೀಲಿನ ಕಟ್ಟು ಹರಿದಿದ್ದರೆ ಎಳೆದಾಗ ಅದು ಇನ್ನೂ ಹೆಚ್ಚುತ್ತದೆ. ಎಳೆಯಬೇಡಿ, ತಿಕ್ಕಬೇಡಿ. ಉಂಗುರ ಇದ್ದರೆ ಊತ ಏರುವ ಮೊದಲೇ ತೆಗೆಯಿರಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು 15-20 ನಿಮಿಷ ಇಡಿ, ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿ. ಬೆರಳು ಸೊಟ್ಟಗಾಗಿದ್ದರೆ, ತುದಿ ಕೆಳಗೆ ಬಾಗಿ ನೆಟ್ಟಗಾಗದಿದ್ದರೆ, ಮಡಚಲು ಬಾರದಿದ್ದರೆ ಅದೇ ದಿನ ಎಕ್ಸ್‌ರೇ ಮಾಡಿಸಿ. ತುದಿ ಬಾಗಿದ ಬೆರಳಿಗೆ ಬೇಗ ಪಟ್ಟಿ ಹಾಕಿಸದಿದ್ದರೆ ಅದು ಹಾಗೆಯೇ ಉಳಿದುಬಿಡಬಹುದು.

ಹಾಗಾದರೆ ಹೊಸ ತಂಡಕ್ಕೆ ಏನು ಬೇಕು?

ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಸುತ್ತ 3 ಮೀಟರ್ ಖಾಲಿ ಜಾಗ ಬಿಟ್ಟರೂ 24 ಮೀಟರ್ ಉದ್ದ, 15 ಮೀಟರ್ ಅಗಲದ ನೆಲ ಸಾಕು. ಎರಡು ಕಂಬ, ಒಂದು ಬಲೆ, ಕೆಲವು ಚೆಂಡು. ಎರೆಮಣ್ಣಿನ ನೆಲವಾದರೆ ಬೇಸಿಗೆಯಲ್ಲಿ ಬಿರುಕು, ಮಳೆಯಲ್ಲಿ ಕೆಸರು. ಅದರ ಮೇಲೆ ಗರಸು ಹಾಕಿ ಸಮ ಮಾಡಿಸಬೇಕು. ವಾಲಿಬಾಲಿನಲ್ಲಿ ಹೆಚ್ಚಾಗಿ ಪೆಟ್ಟು ಬೀಳುವುದು ಪಾದದ ಕೀಲಿಗೆ. ಆದ್ದರಿಂದ ಸ್ಮ್ಯಾಶ್ ಕಲಿಸುವ ಮೊದಲು ಎರಡೂ ಕಾಲಿನ ಮೇಲೆ, ಮೊಣಕಾಲು ಬಾಗಿಸಿ ಇಳಿಯುವುದನ್ನು ಕಲಿಸಬೇಕು.

ಉಳಿದದ್ದು ಜನರನ್ನು ಉಳಿಸಿಕೊಳ್ಳುವ ಕೆಲಸ. ಅದು ಮೈದಾನದಲ್ಲಿ ಎಷ್ಟು ನಡೆಯುತ್ತದೋ ಮನೆಯ ಪಡಸಾಲೆಯಲ್ಲೂ ಅಷ್ಟೇ ನಡೆಯುತ್ತದೆ. ತಡೆಯುವ ಅವ್ವ ಅಪ್ಪ ಮಗಳ ವೈರಿಗಳಲ್ಲ. ಅವರು ಹೆದರಿದ್ದಾರೆ, ಮತ್ತು ಅವರ ಹೆದರಿಕೆಗೆ ಒಂದು ಫಾರ್ವರ್ಡ್ ದನಿ ಕೊಟ್ಟಿದೆ. ನಿಮ್ಮ ಗುಂಪಿಗೆ ಇಂಥದ್ದು ಮತ್ತೆ ಬಂದರೆ ಮುಂದಕ್ಕೆ ಕಳಿಸಬೇಡಿ. ಬದಲಿಗೆ, ಕಳಿಸಿದವರಿಗೆ ಸರಿಯಾದ ಮಾಹಿತಿ ತಿಳಿಸಿ. ಅದನ್ನು ಓದುವವರಲ್ಲಿ ನಾಳೆ ಮೈದಾನಕ್ಕೆ ಹೋಗಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಹುಡುಗಿಯ ಅಪ್ಪನೂ ಇರಬಹುದು.