ಕೀಲಿನೊಳಗೆ ದಾರಿ ತಪ್ಪಿದ ಕಾವಲು: ಸಂಧಿವಾತ ಮತ್ತು ರಕ್ಷಕ ಕೋಶಗಳು

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ, ಎಂಟನೆಯ ಅಡ್ಡರಸ್ತೆಯ ಸುತ್ತಮುತ್ತ ಹೂ ಕಟ್ಟುವವರ ಬೆರಳುಗಳ ವೇಗವನ್ನು ಕಂಡವರಿಗೆ ಕೈಯ ಸಣ್ಣ ಕೀಲುಗಳು ಎಷ್ಟು ದೊಡ್ಡ ಆಸ್ತಿಯೆಂಬುದು ತಿಳಿದಿರುತ್ತದೆ. ರುಮಟಾಯ್ಡ್ ಸಂಧಿವಾತವು ಬಹುಮಟ್ಟಿಗೆ ಈ ಕೀಲುಗಳಿಂದಲೇ ಆರಂಭವಾಗುತ್ತದೆ. ಬೆಳಗ್ಗೆ ಎದ್ದಾಗ ಎರಡೂ ಕೈಗಳ ಬೆರಳುಗಳು ಸೆಟೆದುಕೊಂಡಿರುತ್ತವೆ. ಗಂಟೆ ಕಳೆದರೂ ಸಡಿಲಗೊಳ್ಳುವುದಿಲ್ಲ. ಪ್ರಾತಃಕಾಲದ ಲಿಂಗಪೂಜೆಗೆ ಕುಳಿತವರಿಗೆ ಅಂಗೈಯನ್ನು ಬಿಡಿಸಿ ಹಿಡಿಯುವುದೇ ಪ್ರಯಾಸವಾಗುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು ಮೂರು ಪಟ್ಟು ಹೆಚ್ಚಾಗಿ ಕಾಣುವ ಈ ವ್ಯಾಧಿಯನ್ನು ನಮ್ಮ ತಾಯಂದಿರು ‘ವಾಯು’ವೆಂದೋ ‘ಶೀತ’ವೆಂದೋ ವರ್ಷಗಟ್ಟಲೆ ಸಹಿಸಿಕೊಳ್ಳುತ್ತಾರೆ. ಸಹನೆ ದೊಡ್ಡ ಗುಣವೇ ಸರಿ. ಆದರೆ ಈ ಒಂದು ವಿಷಯದಲ್ಲಿ ಅದು ಕೈಯನ್ನೇ ಕಳೆಯುತ್ತದೆ.

ವಯಸ್ಸಾದಂತೆ ಮೊಣಕಾಲಿನ ಮೃದ್ವಸ್ಥಿ ಸವೆದು ಬರುವ ನೋವು ಬೇರೆ. ಇಲ್ಲಿ ಕೀಲನ್ನು ಕೆಡಿಸುವುದು ಸವಕಳಿಯಲ್ಲ, ನಮ್ಮದೇ ದೇಹದ ಕಾವಲು ಪಡೆ.

1898ರ ಪ್ಲೇಗ್ ಮಾರಿಯ ತರುವಾಯ ರೂಪುಗೊಂಡ ಬಡಾವಣೆ ಮಲ್ಲೇಶ್ವರ. ಹೊರಗಿನಿಂದ ಬರುವ ಇಂತಹ ಸೋಂಕುಗಳನ್ನು ಎದುರಿಸಲೆಂದೇ ರಕ್ತದಲ್ಲಿ ಬಿಳಿ ಕಣಗಳಿವೆ. ತನ್ನದು ಯಾವುದು, ಅನ್ಯವಾವುದು ಎಂಬ ವಿವೇಚನೆಯೇ ಅವುಗಳ ಬಲ. ಧೂಮಪಾನದಿಂದ ಕೆರಳಿದ ಶ್ವಾಸಕೋಶದಲ್ಲಿ, ಕೆಲವೊಮ್ಮೆ ಸೋಂಕು ತಗುಲಿದ ಒಸಡಿನಲ್ಲಿ, ದೇಹದ ಕೆಲವು ಪ್ರೋಟೀನುಗಳ ರೂಪ ತುಸು ಬದಲಾಗುತ್ತದೆ. ವಂಶವಾಹಿಯ ಒಲವಿರುವವರಲ್ಲಿ ಟಿ ಕೋಶಗಳು ಈ ಬದಲಾದ ಪ್ರೋಟೀನನ್ನು ಪರಕೀಯವೆಂದು ಬಗೆದು ಬಿ ಕೋಶಗಳನ್ನು ಎಚ್ಚರಿಸುತ್ತವೆ. ಬಿ ಕೋಶಗಳು ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತವೆ. ನೋವು ಆರಂಭವಾಗುವುದಕ್ಕೆ ವರ್ಷಗಳ ಮೊದಲೇ ಈ ಪ್ರತಿಕಾಯಗಳು ರಕ್ತದಲ್ಲಿ ಇರಬಲ್ಲವು. ವೈದ್ಯರು ಬರೆದುಕೊಡುವ ‘ಆಂಟಿ ಸಿಸಿಪಿ’ ಪರೀಕ್ಷೆ ಇವನ್ನೇ ಹುಡುಕುತ್ತದೆ. ಆದರೆ ಈ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ರೋಗವಿರಬಹುದು. ಆದ್ದರಿಂದ ವರದಿಯ ಕಾಗದವೊಂದನ್ನೇ ನಂಬಿ ಸುಮ್ಮನಾಗಬಾರದು.

ಕೀಲಿನ ಒಳಪೊರೆ ಆರೋಗ್ಯದಲ್ಲಿ ಒಂದೆರಡು ಕೋಶಗಳಷ್ಟೇ ದಪ್ಪವಿರುತ್ತದೆ. ರೋಗದಲ್ಲಿ ಬಿಳಿ ಕಣಗಳು ಅಲ್ಲಿಗೆ ನುಗ್ಗಿ ನೆಲೆಸುತ್ತವೆ. ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ಟಿಎನ್‌ಎಫ್, ಐಎಲ್-6 ಎಂಬ ರಾಸಾಯನಿಕ ಸಂದೇಶಗಳನ್ನು ಹೊಮ್ಮಿಸಿ ಇನ್ನಷ್ಟು ಕೋಶಗಳನ್ನು ಕರೆತರುತ್ತವೆ. ಊತ, ಬಿಸಿ, ಆಯಾಸ ಎಲ್ಲಕ್ಕೂ ಮೂಲ ಇದೇ. ದಪ್ಪಗಾದ ಪೊರೆಯ ಕೋಶಗಳು ಮೃದ್ವಸ್ಥಿಯನ್ನು ಕರಗಿಸುವ ಕಿಣ್ವಗಳನ್ನು ಸ್ರವಿಸುತ್ತವೆ. ಭಕ್ಷಕ ಕೋಶಗಳ ಕುಲದವೇ ಆದ ಮತ್ತೊಂದು ಬಗೆಯ ಕೋಶಗಳು ಎಲುಬನ್ನು ಕೊರೆಯುತ್ತವೆ. ಹೀಗೆ ಕೊರೆದ ಎಲುಬು ಮತ್ತೆ ಮೊದಲಿನಂತೆ ಆಗುವುದು ವಿರಳ.

ಆದ್ದರಿಂದಲೇ ಮೊದಲ ಮೂರರಿಂದ ಆರು ತಿಂಗಳು ಅತ್ಯಮೂಲ್ಯ. ನೋವಿನ ಮಾತ್ರೆ ನೋವನ್ನು ತಗ್ಗಿಸುತ್ತದೆ, ಕೊರೆತವನ್ನು ನಿಲ್ಲಿಸದು. ದೀರ್ಘಕಾಲ ನುಂಗಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ಹಾನಿ. ಹೆಸರಿಲ್ಲದ ಪುಡಿಗಳಿಂದ ಎರಡೇ ದಿನದಲ್ಲಿ ಗುಣ ಕಂಡರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರಬಹುದೆಂದು ಶಂಕಿಸುವುದು ವಿವೇಕ.

ರಕ್ಷಕ ಕೋಶಗಳನ್ನೇ ಹತೋಟಿಗೆ ತರುವ ಔಷಧಗಳಲ್ಲಿ ಇಂದಿಗೂ ಮೊದಲ ಸ್ಥಾನ ಮೆಥೊಟ್ರೆಕ್ಸೇಟ್‌ಗೆ. ಭೀಮಾವರದಲ್ಲಿ 1895ರಲ್ಲಿ ಜನಿಸಿ ಅಮೆರಿಕದಲ್ಲಿ ದುಡಿದ ಎಲ್ಲಾಪ್ರಗಡ ಸುಬ್ಬರಾವ್ ಅವರ ತಂಡದ ಸಂಶೋಧನೆಯಿಂದ ಬಂದ ಔಷಧವಿದು. ಮೊದಲು ಕ್ಯಾನ್ಸರಿಗೆ ಬಳಕೆಯಾಗಿ, ಅತ್ಯಲ್ಪ ಪ್ರಮಾಣದಲ್ಲಿ ಸಂಧಿವಾತಕ್ಕೆ ಬಂದಿತು. ಲೂಧಿಯಾನದಲ್ಲಿ ಜನಿಸಿದ ರವೀಂದರ್ ಮೈನಿ ಅವರು ಮಾರ್ಕ್ ಫೆಲ್ಡ್‌ಮನ್ ಅವರೊಡಗೂಡಿ ಲಂಡನ್ನಿನಲ್ಲಿ 1992ರಲ್ಲಿ ಟಿಎನ್‌ಎಫ್ ತಡೆಯುವ ಚುಚ್ಚುಮದ್ದನ್ನು ರೋಗಿಗಳ ಮೇಲೆ ಪರೀಕ್ಷಿಸಿದರು. ಒಂದೇ ಸಂದೇಶವನ್ನು ತಡೆದರೆ ಇಡೀ ಕೋಲಾಹಲ ತಗ್ಗುತ್ತದೆಂಬುದು ಆಗ ಸಿದ್ಧವಾಯಿತು. ಬಿ ಕೋಶಗಳನ್ನು ಕುಗ್ಗಿಸುವ ರಿಟುಕ್ಸಿಮಾಬ್ ಅನಂತರ ಬಂದಿತು. ಇವು ದುಬಾರಿ, ಎಲ್ಲರಿಗೂ ಬೇಕಾಗುವುದೂ ಇಲ್ಲ.

ಮೆಥೊಟ್ರೆಕ್ಸೇಟ್ ಸೇವನೆಯಲ್ಲಿ ಒಂದು ಎಚ್ಚರಿಕೆಯನ್ನು ನಾವು ಒತ್ತಿ ಹೇಳಬೇಕಾಗಿದೆ. ಅದು ವಾರಕ್ಕೊಮ್ಮೆಯ ಔಷಧ. ತಪ್ಪಿ ದಿನವೂ ನುಂಗಿದವರು ಪ್ರಾಣಾಪಾಯಕ್ಕೆ ಸಿಲುಕಿದ್ದಾರೆ. ಮಾತ್ರೆಯ ವಾರವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತಿಸಿ, ಮನೆಯವರಿಗೂ ತಿಳಿಸಿರಬೇಕು. ಯಕೃತ್ತಿನ ಹಾಗೂ ರಕ್ತಕಣಗಳ ಪರೀಕ್ಷೆ ಆಗಾಗ ಆಗಬೇಕು. ಗರ್ಭಿಣಿಯರಿಗೆ ಇದು ನಿಷಿದ್ಧ. ಮಗುವನ್ನು ಬಯಸುವವರು ಮುಂಚಿತವಾಗಿಯೇ ವೈದ್ಯರೊಡನೆ ಮಾತನಾಡತಕ್ಕದ್ದು. ಟಿಎನ್‌ಎಫ್ ತಡೆಯುವ ಚುಚ್ಚುಮದ್ದಿಗೆ ಮೊದಲು ಕ್ಷಯದ ತಪಾಸಣೆ ಆಗಲೇಬೇಕು. ಒಳಗೆ ಅಡಗಿರುವ ಕ್ಷಯದ ಕ್ರಿಮಿಗಳನ್ನು ಕಟ್ಟಿಹಾಕಿರುವುದೂ ಅದೇ ಟಿಎನ್‌ಎಫ್.