ಡಾಕರಿನ ಗಾಡಿಯವ ಕ್ಲಾಸಿಗೆ ಬರೋದು ಹೇಗೆ?

ಕುದುರೆ ಗಾಡಿ ಹೊಡೆದು ಹೊಟ್ಟೆ ಹೊರೆಯುವ ಬಡಪಾಯಿ. ಬೆಳಿಗ್ಗೆ ಮನೆ ಬಿಟ್ಟವನಿಗೆ ಹತ್ತಿದವರೆಲ್ಲ ಕಾಸು ಕೊಡುವವರಲ್ಲ. ಸಿಕ್ಕಿದ್ದನ್ನೂ ಅವನ ವಂಶದ ಹಿರಿಮೆ ಹಾಡಿದ ಹೊಗಳುಭಟ್ಟನೊಬ್ಬ ಗಿಟ್ಟಿಸಿಕೊಂಡ. ಸತ್ತ ಕೂಸನ್ನು ಎತ್ತಿಕೊಂಡ ಅಪ್ಪನನ್ನು ಸ್ಮಶಾನದ ತನಕ ಒಯ್ದರೆ, ಕಾಗದ ಸರಿಯಿಲ್ಲ ಅಂತ ಗೇಟಿನಲ್ಲೇ ತಡೆದರು. ಕೊನೆಗೆ ಸೂಟುಬೂಟಿನ ಆಸಾಮಿಯೊಬ್ಬ ದೊಡ್ಡವರ ಬಡಾವಣೆಗೆ ಬಿಡು ಅಂದ. ಅಲ್ಲಿಗೆ ಕುದುರೆ ಗಾಡಿ ಹೋಗಕೂಡದು. ಪೊಲೀಸಿನವ ಹಿಡಿದ. ಗಾಡಿಯವನ ಪದಕ ನೆಲಕ್ಕೆ ಬಿತ್ತು, ಅದರ ಮೇಲೆ ಪೊಲೀಸನ ಬೂಟು. ಸೂಟಿನವ ಬಾಡಿಗೆ ಕೊಡದೇ ಮಾಯ. ಗಾಡಿ ಜಪ್ತಿ, ಕುದುರೆ ಮಾತ್ರ ಮನೆಗೆ.

ನಮ್ಮ ಜಿಲ್ಲೆಯ ಸುದ್ದಿಯೇ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಇದು ನಡೆದದ್ದು ಸೆನೆಗಾಲ್ ದೇಶದ ಡಾಕರಿನಲ್ಲಿ, ಅದೂ ತೆರೆಯ ಮೇಲೆ. 1963ರ ‘ಬೋರೋಮ್ ಸಾರೆಟ್’ ಚಿತ್ರ, ಸುಮಾರು 20 ನಿಮಿಷದ್ದು. ತೆಗೆದವರು ಉಸ್ಮಾನ್ ಸೆಂಬೆನ್. ಆಫ್ರಿಕಾದ ಸಿನಿಮಾ ಪಾಠ ಹೇಳಬೇಕೆಂದು ಹೊರಟ ಯಾವ ಮೇಷ್ಟ್ರೇ ಆಗಲಿ ಮೊದಲು ಹುಡುಕುವುದು ಇದನ್ನೇ. ಹುಡುಕಾಟದ ಗೋಳೂ ಅಲ್ಲಿಂದಲೇ ಶುರು.

ಸೆಂಬೆನ್ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಮೂಟೆ ಹೊತ್ತವರು. ಹೊರುತ್ತಲೇ ಫ್ರೆಂಚ್ ಭಾಷೆಯಲ್ಲಿ ಕಾದಂಬರಿ ಬರೆದು ಹೆಸರು ಮಾಡಿದರು. ಊರಿಗೆ ಮರಳಿ ನೋಡಿದರೆ, ತಾನು ಯಾರ ಕಥೆ ಬರೆದೆನೋ ಅವರಿಗೆ ಅಕ್ಷರವೇ ಬಾರದು! ಹೆಚ್ಚುಕಡಿಮೆ ನಲವತ್ತರ ವಯಸ್ಸಿನಲ್ಲಿ ಮಾಸ್ಕೋದ ಗೋರ್ಕಿ ಸ್ಟುಡಿಯೋಗೆ ಹೋಗಿ ಕ್ಯಾಮರಾ ಹಿಡಿಯುವುದನ್ನು ಕಲಿತು ಬಂದರು. ಸಿನಿಮಾ ಅಂದರೆ ರಾತ್ರಿ ಶಾಲೆ ಎಂಬುದು ಅವರ ಪ್ರಸಿದ್ಧ ಮಾತು. ಈಗಿನ ತಮಾಷೆ ನೋಡಿ. ಶಾಲೆಯಾಗಲಿ ಎಂದು ತೆಗೆದ ಚಿತ್ರವೇ ಶಾಲೆಗೆ ಸಿಕ್ಕುವುದು ದುರ್ಲಭ.

ಪೆಟ್ಟಿಗೆ ಪ್ಯಾರಿಸ್ಸಿನಲ್ಲಿ

ಇದಕ್ಕೆ ಹಳೆಯ ಕಾರಣವಿದೆ. 1934ರಲ್ಲಿ ಫ್ರಾನ್ಸಿನ ವಸಾಹತು ಮಂತ್ರಿ ಲವಾಲ್ ಒಂದು ಫರ್ಮಾನು ಹೊರಡಿಸಿದ. ಆಫ್ರಿಕಾದ ಫ್ರೆಂಚ್ ವಸಾಹತುಗಳಲ್ಲಿ ಅಪ್ಪಣೆ ಇಲ್ಲದೆ ಯಾರೂ ಚಿತ್ರ ತೆಗೆಯಕೂಡದು. ಪೌಲಿನ್ ವಿಯೆರಾ ಮತ್ತು ಗೆಳೆಯರು 1955ರಲ್ಲಿ ತಮ್ಮ ಚಿತ್ರವನ್ನು ಪ್ಯಾರಿಸ್ಸಿನ ಬೀದಿಯಲ್ಲೇ ತೆಗೆಯಬೇಕಾಯಿತು. ಸ್ವಾತಂತ್ರ್ಯ ಬಂತು. ಆಗ ಫ್ರಾನ್ಸಿನ ಸಹಕಾರ ಮಂತ್ರಾಲಯ ಸಿನಿಮಾ ಕಚೇರಿಯೊಂದನ್ನು ತೆರೆದು, ಹಣ ಕೊಟ್ಟಿತು, ಸಂಕಲನಕ್ಕೆ ಮೇಜು ಕೊಟ್ಟಿತು, ಬದಲಿಗೆ ಚಿತ್ರದ ಮೇಲೆ ಹಕ್ಕು ಇಟ್ಟುಕೊಂಡಿತು. ಪುಣ್ಯದ ಕೆಲಸವೇ, ಇಲ್ಲವೆನ್ನಲಾಗದು. ಎಷ್ಟೋ ಚಿತ್ರ ಹುಟ್ಟಿದ್ದೇ ಆ ದುಡ್ಡಿನಿಂದ. ಆದರೆ ನೆಗೆಟಿವ್ ಸೇರಿದ್ದು ಪ್ಯಾರಿಸ್ಸಿನ ಪೆಟ್ಟಿಗೆಗೆ. ಡಾಕರಿನ ಮಗು ಡಾಕರಿನ ಚಿತ್ರ ನೋಡಬೇಕಾದರೆ ಫ್ರೆಂಚ್ ಸಾಂಸ್ಕೃತಿಕ ಕೇಂದ್ರದ ಬಾಗಿಲು ತಟ್ಟಬೇಕು. ಊರಿನ ಟಾಕೀಸುಗಳಲ್ಲಿ ಓಡುತ್ತಿದ್ದದ್ದು ಹಾಲಿವುಡ್ಡು, ಈಜಿಪ್ಟಿನ ಹಾಡುಗಳು, ನಮ್ಮ ಬೊಂಬಾಯಿಯ ಹಿಂದಿ ಚಿತ್ರಗಳು.

ಸುಮ್ಮನೆ ಕೂತವರಲ್ಲ ಅವರು. ಬುರ್ಕಿನಾ ಫಾಸೋದ ವಾಗಡೂಗೂ ಊರಿನಲ್ಲಿ 1969ರಿಂದ ಆಫ್ರಿಕಾದ ಚಿತ್ರೋತ್ಸವ ನಡೆಯುತ್ತಾ ಬಂದಿದೆ, ಹೆಸರು ಫೆಸ್ಪಾಕೋ. ಅದೇ ಊರಿನಲ್ಲಿ 1976ರಲ್ಲಿ ಸಿನಿಮಾ ಶಾಲೆಯನ್ನೂ ತೆರೆದರು. 1987ರಲ್ಲಿ ಮುಚ್ಚಿತು. ಉತ್ಸವದವರು ಚಿತ್ರಗಳ ಭಂಡಾರ ಕಟ್ಟಿದರು. 2009ರ ಸೆಪ್ಟೆಂಬರ್ 1ರಂದು ಸುರಿದ ಮಳೆ ಅದರೊಳಗೂ ನುಗ್ಗಿತು. ರೀಲು ಒದ್ದೆಯಾದರೆ ಏನಾಗುತ್ತದೆಂದು ಹಳೆಯ ಟಾಕೀಸಿನ ಆಪರೇಟರನ್ನು ಕೇಳಿ, ಹೇಳುತ್ತಾನೆ.

ಹೊಸ ಡಿಸ್ಕು, ಹಳೆ ಬೀಗ

ಹಾಗಾದರೆ ಮೇಷ್ಟ್ರು ಕೈಚೆಲ್ಲಬೇಕೆ? ಬೇಡ. ಅಮೆರಿಕದ ಕ್ಯಾಲಿಫೋರ್ನಿಯಾ ನ್ಯೂಸ್‌ರೀಲ್ ಸಂಸ್ಥೆ ತೊಂಬತ್ತರ ದಶಕದಲ್ಲೇ ಕಾಲೇಜುಗಳಿಗೆಂದು ಆಫ್ರಿಕಾ ಚಿತ್ರಗಳ ಕ್ಯಾಸೆಟ್ ಹೊರತಂದಿತು. 2017ರಲ್ಲಿ ಮಾರ್ಟಿನ್ ಸ್ಕೋರ್ಸೆಸೆಯ ಫಿಲ್ಮ್ ಫೌಂಡೇಶನ್, ಆಫ್ರಿಕಾದ ಚಿತ್ರಕಾರರ ಒಕ್ಕೂಟ, ಯುನೆಸ್ಕೋ ಮೂವರೂ ಸೇರಿ 50 ಹಳೆಯ ಚಿತ್ರಗಳನ್ನು ಹುಡುಕಿ ದುರಸ್ತಿ ಮಾಡುವ ಕೆಲಸ ಹಿಡಿದರು. ಸೆಂಬೆನ್‌ರ 1966ರ ‘ಬ್ಲ್ಯಾಕ್ ಗರ್ಲ್’ 2017ರಲ್ಲಿ ಕ್ರೈಟೀರಿಯನ್ ಡಿಸ್ಕಾಗಿ ಬಂತು, ನಮ್ಮ ಗಾಡಿಯವ ಅದರಲ್ಲೇ ಜೊತೆಚಿತ್ರ. ಮನಿಯಾರ್ಡರಿನ ಕಥೆಯಾದ ‘ಮಂಡಬಿ’ 2021ರಲ್ಲಿ ಬಂತು. ವುಲೋಫ್ ಭಾಷೆ ಮಾತಾಡುವ ಚಿತ್ರ ಅದು. ಕಾಗದಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದವರು ಯಾರೇ ಆಗಲಿ, ಅದನ್ನು ನೋಡಿ ನಗದೇ ಇರಲಾರರು, ಅಳದೆಯೂ ಇರಲಾರರು.

ಆದರೆ ಎಚ್ಚರ. ಆ ಅಮೆರಿಕದ ಬ್ಲೂರೇ ಡಿಸ್ಕು ಎ ವಲಯದ್ದು. ನಮ್ಮ ದೇಶ ಸಿ ವಲಯ. ದುಡ್ಡು ಸುರಿದು ತರಿಸಿ ಪ್ಲೇಯರಿಗೆ ಹಾಕಿದರೆ, ಆಗುವುದಿಲ್ಲ ಎಂಬ ಒಂದು ಸಾಲು ಬಂದು ಕೂತೀತು. ಎಲ್ಲ ವಲಯಕ್ಕೂ ಓಡುವ ಪ್ಲೇಯರ್ ಇದೆಯೇ ಅಂತ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ತೋರಿಸುವ ಹಕ್ಕಿನ ಭಯವನ್ನಂತೂ ಬಿಡಬಹುದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಕಲಂ 52 ಶಾಲಾ ಕಾಲೇಜಿನೊಳಗೆ ವಿದ್ಯಾರ್ಥಿ, ಸಿಬ್ಬಂದಿ, ಪೋಷಕರಿಗೆ ಪಾಠದ ಭಾಗವಾಗಿ ಚಿತ್ರ ತೋರಿಸಲು ಅವಕಾಶ ಕೊಟ್ಟಿದೆ. ಊರವರನ್ನೆಲ್ಲ ಕರೆದು ಟಿಕೆಟ್ ಹರಿದರೆ ಆ ಮಾತು ಬೇರೆ.

ಇನ್ನು ಭಾಷೆ. ತೆರೆಯ ಕೆಳಗೆ ಓಡುವುದು ಇಂಗ್ಲಿಷ್ ಸಾಲು. ಹಳ್ಳಿ ಹೈಸ್ಕೂಲಿನ ಹುಡುಗ ಅದನ್ನು ಓದಿ ಮುಗಿಸುವಷ್ಟರಲ್ಲಿ ಕುದುರೆ ಮುಂದಿನ ಬೀದಿಗೆ ಹೋಗಿರುತ್ತದೆ. ದಾರಿ ಒಂದೇ, ಮೇಷ್ಟ್ರು ಮೊದಲೇ ಎರಡು ಸಲ ನೋಡಿಕೊಂಡು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುವುದು. ಇದೇನು ಆಗದ ಹೋಗದ ಮಾತಲ್ಲ. 1973ರಲ್ಲೇ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದವರಿಗೆ ಜಗತ್ತಿನ ಸಿನಿಮಾ ತೋರಿಸಿದ ಹೆಗ್ಗೋಡು ನಮ್ಮ ರಾಜ್ಯದಲ್ಲೇ ಇದೆಯಲ್ಲ.

ಆಯ್ಕೆಯಲ್ಲೂ ಜಾಣತನ ಬೇಕು. ಜಿಬ್ರಿಲ್ ಡಿಯೋಪ್ ಮಂಬೇತಿಯವರ ‘ಟೂಕಿ ಬೂಕಿ’ (1973) ದೊಡ್ಡ ಚಿತ್ರ ನಿಜ, ಮೊದಲ ದಿನವೇ ಅದನ್ನು ಹಾಕಿದರೆ ಮಕ್ಕಳಿಗೆ ತಲೆ ಗಿರ್ರೆನ್ನುತ್ತದೆ. ಬದಲಿಗೆ ಅವರದೇ ಕೊನೆಯ ಚಿತ್ರವಿದೆ, 1999ರದು. ಮುಕ್ಕಾಲು ಗಂಟೆಯದು. ಊರುಗೋಲಿನ ಮೇಲೆ ನಡೆಯುವ ಸಿಲಿ ಎಂಬ ಹುಡುಗಿ ಡಾಕರಿನ ಬೀದಿಯಲ್ಲಿ ‘ಸೊಲೈ’ ಪತ್ರಿಕೆ ಮಾರುತ್ತಾಳೆ. ಪತ್ರಿಕೆ ಮಾರುವುದು ಗಂಡುಹುಡುಗರ ಕಸುಬು, ಅವರು ಬಿಟ್ಟಾರೆಯೇ? ಊರುಗೋಲನ್ನೇ ಕಸಿಯುತ್ತಾರೆ. ಗೆಳೆಯ ಅವಳನ್ನು ಬೆನ್ನಿಗೆ ಹೊತ್ತು ನಡೆಯುತ್ತಾನೆ. ಬಸ್‌ಸ್ಟ್ಯಾಂಡಿನಲ್ಲಿ ಕೂಗಿ ಪೇಪರ್ ಮಾರುವ ಹುಡುಗರನ್ನು ದಿನಾ ಕಾಣುವ ಮಕ್ಕಳಿಗೆ ಇದಕ್ಕೆ ವಿವರಣೆ ಬೇಕಿಲ್ಲ.

ನೈಜೀರಿಯಾದ ವಿಡಿಯೋ ಚಿತ್ರಗಳದ್ದು ಬೇರೆಯೇ ಸಂಸಾರ. ಅವು ಪ್ಯಾರಿಸ್ಸಿನ ಹಂಗಿಲ್ಲದೆ 1992ರಿಂದ ಮಾರುಕಟ್ಟೆಯಲ್ಲೇ ಬೆಳೆದವು. ಆಫ್ರಿಕಾ ಎಂದರೆ ಒಂದೇ ದೇಶ ಎಂದುಕೊಂಡ ಹುಡುಗರಿಗೆ ಡಾಕರ್ ಆದಮೇಲೆ ಲಾಗೋಸ್ ತೋರಿಸಬಹುದು.

ಪೀರಿಯಡ್ಡು 45 ನಿಮಿಷ. ಗಾಡಿಯವನಿಗೆ 20 ಹೋದರೆ 25 ಉಳಿಯಿತು. ಆ ಇಪ್ಪತ್ತೈದಕ್ಕೆ ಮೇಷ್ಟ್ರು ನೋಟ್ಸ್ ಹುಡುಕಬೇಕಿಲ್ಲ. ಗಾಡಿ ಕಳಕೊಂಡವ ಮನೆಗೆ ಬಂದಾಗ ಹೆಂಡತಿ ಕೂಸನ್ನು ಅವನ ಕೈಗಿಟ್ಟು, ಈ ರಾತ್ರಿ ಊಟಕ್ಕೆ ಕೊರತೆಯಿಲ್ಲ ಅಂತ ಹೇಳಿ ಹೊರಗೆ ಹೋಗುತ್ತಾಳೆ. ಎಲ್ಲಿಗೆ ಅಂತ ಚಿತ್ರ ಹೇಳುವುದಿಲ್ಲ. ಹಿಂದಿನ ಬೆಂಚಿನಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ.