ಮಂಜುಗಡ್ಡೆಯ ಹಾಕಿಯಾಟದಲ್ಲಿ ರಕ್ಷಕನ ಸ್ಥಾನ

ಹಾಕಿಯಾಟವು ನಮ್ಮ ಬಾಲಿಕೆಯರಿಗೆ ಹೊಸದಲ್ಲ. ಆದರೆ ಕೆನಡಾ ದೇಶದಲ್ಲಿ ಹಾಕಿಯೆಂದರೆ ಮಂಜುಗಡ್ಡೆಯ ಮೇಲಣ ಆಟವೆಂದೇ ಅರ್ಥ. ಆಟಗಾರರು ಉಕ್ಕಿನ ಅಲಗುಳ್ಳ ಪಾದರಕ್ಷೆಗಳನ್ನು ಧರಿಸಿ ಜಾರುತ್ತ ಆಡುವರು. ಚೆಂಡಿಗೆ ಬದಲಾಗಿ ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆಯಿರುವುದು. ಒಂದೊಂದು ಪಕ್ಷಕ್ಕೆ 11 ಮಂದಿಯಲ್ಲ, 6 ಮಂದಿ ಮಾತ್ರ: ಗೋಲು ಕಾಯುವವನೊಬ್ಬನು, ರಕ್ಷಕರಿಬ್ಬರು, ಫಾರ್ವರ್ಡುಗಳು ಮೂವರು.

ನಮ್ಮ ಆಟದಲ್ಲಿ ಎದುರಾಳಿಯ ಮೈಗೆ ಡಿಕ್ಕಿ ಹೊಡೆಯುವುದು ತಪ್ಪು. ಅಲ್ಲಿಯಾದರೋ, ಪಕ್ಕನ್ನು ಹೊಂದಿರುವವನನ್ನು ಭುಜದಿಂದಲೂ ಸೊಂಟದಿಂದಲೂ ತಡೆದು ಕೆಡಹುವುದಕ್ಕೆ ಪುರುಷರ ಪಂದ್ಯಗಳಲ್ಲಿ ಅನುಮತಿಯುಂಟು. ಆದುದರಿಂದ ಬಲಿಷ್ಠನಾದ ರಕ್ಷಕನೊಬ್ಬನಿದ್ದರೆ ಎದುರಾಳಿಗಳು ಗೋಲಿನ ಬಳಿ ಸುಳಿಯಲು ಹಿಂಜರಿಯುವರು. ಆದರೆ ಮೊಣಕೈಯಿಂದಲೋ ದಾಂಡಿನಿಂದಲೋ ಹೊಡೆದವನು ಕನಿಷ್ಠ 2 ನಿಮಿಷ ಹೊರಗೆ ಕುಳಿತಿರತಕ್ಕದ್ದು. ಅಷ್ಟು ಹೊತ್ತು ಅವನ ಪಕ್ಷವು ಒಬ್ಬನಿಲ್ಲದೆ ಆಡಬೇಕು. ಹೀಗಿರಲು, ಅಂಕೆಯಿಲ್ಲದ ಬಲವು ಸ್ವಪಕ್ಷಕ್ಕೇ ಹೊರೆಯಾಗುವುದು.

ಇದಕ್ಕೆ ಸ್ಕಾಟ್ ಸ್ಟೀವನ್ಸ್ ಎಂಬ ಕೆನಡಾದವನ ವೃತ್ತಾಂತವು ಉತ್ತಮ ನಿದರ್ಶನವಾಗಿದೆ. ಇವನು 1982ರಲ್ಲಿ ಅಮೇರಿಕದ ವಾಷಿಂಗ್ಟನ್ ತಂಡವನ್ನು ಸೇರಿದನು. ಬಲವೇನೋ ಅಪಾರವಾಗಿತ್ತು, ಆದರೆ 1986-87ರ ಒಂದೇ ಋತುವಿನಲ್ಲಿ ಅವನಿಗೆ ಬಿದ್ದ ದಂಡನೆ 283 ನಿಮಿಷಗಳು! 1990ರಲ್ಲಿ ಸೇಂಟ್ ಲೂಯಿಸ್ ತಂಡದವರು ಅವನನ್ನು ಕರೆದುಕೊಂಡು, ಮುಂಬರುವ ಎಳೆಯ ಆಟಗಾರರನ್ನು ಮೊದಲ ಸುತ್ತಿನಲ್ಲಿ ಆರಿಸಿಕೊಳ್ಳುವ 5 ಹಕ್ಕುಗಳನ್ನು ವಾಷಿಂಗ್ಟನ್ನಿಗೆ ಬಿಟ್ಟುಕೊಟ್ಟರು. ಮರುವರ್ಷವೇ ಅವರು ನ್ಯೂಜೆರ್ಸಿ ತಂಡದ ಬ್ರೆಂಡನ್ ಶಾನಹನ್ ಎಂಬವನನ್ನೂ ಸೆಳೆದುಕೊಂಡರು. ಅದಕ್ಕೆ ತಕ್ಕ ಪರಿಹಾರವೇನೆಂಬ ವ್ಯಾಜ್ಯವು ಹುಟ್ಟಲು, ಮಧ್ಯಸ್ಥರು ಸ್ಟೀವನ್ಸನನ್ನೇ ಕೊಡತಕ್ಕದ್ದೆಂದು ತೀರ್ಪಿತ್ತರು. ಒಲ್ಲದ ಮನಸ್ಸಿನಿಂದಲೇ ಅವನು ನ್ಯೂಜೆರ್ಸಿಗೆ ಹೋದನು.

ಅಲ್ಲಿ 1992ರಲ್ಲಿ ಅವನನ್ನು ನಾಯಕನನ್ನಾಗಿ ಮಾಡಿದರು. ಹೊಣೆ ಹೆಗಲೇರಿದಂತೆ ಆಟವೂ ಹದಕ್ಕೆ ಬಂತು. 1993-94ರಲ್ಲಿ ರಕ್ಷಕನಾಗಿದ್ದೂ 78 ಅಂಕಗಳನ್ನು ಗಳಿಸಿ ತನ್ನ ತಂಡದಲ್ಲಿ ಮೊದಲಿಗನಾದನು. ಅದುವರೆಗೆ ಒಮ್ಮೆಯೂ ಸ್ಟಾನ್ಲಿ ಕಪ್ ಗೆಲ್ಲದಿದ್ದ ತಂಡವು 1995, 2000, 2003ನೆಯ ಇಸವಿಗಳಲ್ಲಿ ಅದನ್ನು ಗೆದ್ದುಕೊಂಡಿತು. ಆ ಕೊನೆಯ ಋತುವಿನಲ್ಲಿ ಅವನ ದಂಡನೆ ಬರಿಯ 41 ನಿಮಿಷ. ಬಲವು ಕುಂದಿರಲಿಲ್ಲ, ಅದನ್ನು ಯಾವಾಗ ಬಳಸಬೇಕೆಂಬ ವಿವೇಕವು ಬೆಳೆದಿತ್ತು.

ಇಷ್ಟನ್ನೇ ಹೇಳಿ ಮುಗಿಸಿದರೆ ಅರ್ಧ ಸತ್ಯವಾದೀತು. 2000ದಲ್ಲಿ ಅವನ ಭುಜದ ಪೆಟ್ಟಿನಿಂದ ಫಿಲಡೆಲ್ಫಿಯಾ ತಂಡದ ಎರಿಕ್ ಲಿಂಡ್ರೋಸನ ಮೆದುಳಿಗೆ ಆಘಾತವಾಯಿತು. ಅಂದಿನ ನಿಯಮದಂತೆ ಅದು ತಪ್ಪಾಗಿರಲಿಲ್ಲ, ದಂಡನೆಯೂ ಆಗಲಿಲ್ಲ. ಲಿಂಡ್ರೋಸನು ಮತ್ತೆಂದೂ ಆ ತಂಡಕ್ಕಾಗಿ ಆಡಲಿಲ್ಲ. 2004ರಲ್ಲಿ ಸ್ಟೀವನ್ಸನ ಆಟವನ್ನು ನಿಲ್ಲಿಸಿದುದೂ ಅಂತಹುದೇ ಮೆದುಳಿನ ಆಘಾತವು. ಪಕ್ಕದಿಂದ ಬಂದು ತಲೆಗೆ ಹೊಡೆಯುವುದನ್ನು 2010ರಲ್ಲಿ ಅಲ್ಲಿಯ ಲೀಗಿನವರು ನಿಷೇಧಿಸಿದರು.

ಇದರಿಂದ ತಂದೆತಾಯಿಗಳೂ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಗ್ರಹಿಸತಕ್ಕ ವಿಷಯವೊಂದುಂಟು. ನಿಯಮವು ಬಲಕ್ಕೆ ಎಲ್ಲೆಯನ್ನು ಹಾಕುವುದು ಸರಿಯೇ. ಆದರೆ ನಿಯಮವು ಬಿಟ್ಟುದೆಲ್ಲವೂ ನಿರಪಾಯವೆಂದು ತಿಳಿಯಲಾಗದು. ಎದುರಾಳಿಯೂ ಒಂದು ಮನೆಯ ಮಗುವೆಂಬುದನ್ನು ಮರೆಯದೆ ಆಡುವುದೇ ಆಟದ ನಿಜವಾದ ಶಿಕ್ಷಣವು.